ಅಡಿಗರ ಬಗ್ಗೆ ಬಂದ ವಿಮರ್ಶೆ ಹುಡುಕಬೇಕು: ಗ್ರಂಥಸೂಚಿಯಿಂದ ಶುರು ಮಾಡಲಾ?

ಶಿರಸಿ_ಮಳೆ:
ಎಂ.ಎ. ಕಿರುಪ್ರಬಂಧಕ್ಕೆ ಗೋಪಾಲಕೃಷ್ಣ ಅಡಿಗರ 'ಭೂಮಿಗೀತ' (1959) ತಗೊಂಡಿದ್ದೇನೆ. ಪುಸ್ತಕ ಬಂದ ಹೊಸದರಲ್ಲಿ ವಿಮರ್ಶಕರು ಏನು ಬರೆದರು ಅನ್ನೋದು ಬೇಕು. ಲೈಬ್ರರಿ ಕಂಪ್ಯೂಟರಿನಲ್ಲಿ 'ಅಡಿಗ' ಅಂತ ಹಾಕಿದರೆ ಅವರೇ ಬರೆದ ಪುಸ್ತಕಗಳು ಬರುತ್ತವೆ. ಅವರ ಬಗ್ಗೆ ಬರೆದದ್ದು ಒಂದೂ ಇಲ್ಲ. ನಮ್ಮ ಮೇಡಂ "ಗ್ರಂಥಸೂಚಿ ನೋಡಮ್ಮ" ಅಂದರು, ಅಂದರೆ ಯಾವ ಪುಸ್ತಕ, ಲೇಖನ ಎಲ್ಲಿ ಬಂದಿದೆ ಅನ್ನೋ ಪಟ್ಟಿ. ಎಲ್ಲಿಂದ ಶುರು ಮಾಡಲಿ?

ಕಾರ್ಡುಪೆಟ್ಟಿಗೆ:
ಲೈಬ್ರರಿಯಲ್ಲೇ ಕೆಲಸ ಮಾಡಿ ನಿವೃತ್ತನಾದವನು ನಾನು. ನೀವು ಹುಡುಕಿದ್ದು ಲೇಖಕರ ಕಾಲಂನಲ್ಲಿ. ಅಡಿಗರ ಹೆಸರನ್ನು ವಿಷಯದ ಕಾಲಂನಲ್ಲಿ ಹಾಕಿ ನೋಡಿ. ಆಗ ಅವರು ಬರೆದದ್ದಲ್ಲ, ಅವರ ಮೇಲೆ ಬರೆದದ್ದು ಬರುತ್ತದೆ. ಹೆಸರನ್ನು ತಿರುಗಿಸಿಯೂ ಹಾಕಿ. 'ಅಡಿಗ, ಗೋಪಾಲಕೃಷ್ಣ' ಅಂತ ಒಂದು ಕಡೆ ಇರುತ್ತದೆ, 'ಗೋಪಾಲಕೃಷ್ಣ ಅಡಿಗ, ಎಂ.' ಅಂತ ಇನ್ನೊಂದು ಕಡೆ. ಆಮೇಲೆ ಕಪಾಟಿನ ಹತ್ತಿರ ಹೋಗಿ. ಪುಸ್ತಕಗಳನ್ನು ವಿಷಯವಾರು ನಂಬರು ಹಾಕಿ ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯ 894.814, ಕಾವ್ಯ 894.8141. ಒಬ್ಬ ಕವಿಯ ಕವನ, ಆ ಕವಿಯ ಮೇಲಿನ ವಿಮರ್ಶೆ ಎರಡೂ ಒಂದೇ ನಂಬರಿಗೆ ಬರುತ್ತವೆ. ಅಕ್ಕಪಕ್ಕದಲ್ಲೇ ಸಿಗುತ್ತವೆ.

ಧಾರವಾಡದ_ಓದುಗ:
ಸರ್, ಹೇಳಿದ್ದು ಸರಿ. ಆದರೆ ಅದು ಪುಸ್ತಕಕ್ಕೆ ಮಾತ್ರ ಆಯ್ತು. 1959ರ ಸುಮಾರಿನ ವಿಮರ್ಶೆ ಇರೋದು ಪತ್ರಿಕೆಗಳಲ್ಲಿ, ಮುನ್ನುಡಿಗಳಲ್ಲಿ. ಅಡಿಗರ ಮೊದಲ ಸಂಕಲನ 'ಭಾವತರಂಗ'ಕ್ಕೆ (1946) ಮುನ್ನುಡಿ ಬರೆದವರು ಬೇಂದ್ರೆ. ಕ್ಯಾಟಲಾಗಿನಲ್ಲಿ ಅದು ಅಡಿಗರ ಕವನ ಸಂಕಲನ, ಅಷ್ಟೇ. ಒಳಗೆ ಬೇಂದ್ರೆಯವರ ಮಾತು ಇದೆ ಅಂತ ಯಾವ ಕಾರ್ಡು ಹೇಳುತ್ತದೆ? ಅಭಿನಂದನ ಗ್ರಂಥಗಳದ್ದೂ ಇದೇ ಕಥೆ. ಮೂವತ್ತು ಲೇಖನ ಇರುತ್ತವೆ, ಕಾರ್ಡು ಒಂದೇ. ನನ್ನ ಕೇಳಿದರೆ ಸೂಚಿ ಬಿಡಿ. ಒಂದು ಒಳ್ಳೆ ವಿಮರ್ಶಾ ಪುಸ್ತಕ ತೆಗೆದು ಅದರ ಅಡಿಟಿಪ್ಪಣಿ ಹಿಡಿದು ಹಿಂದೆ ಹಿಂದೆ ಹೋಗಿ.

ಬಾಸ್ಟನ್_ಕನ್ನಡತಿ:
ಇಲ್ಲಿ ನಾವು ಎಂ.ಎಲ್.ಎ. (ಅಮೆರಿಕದ ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಅಂತರರಾಷ್ಟ್ರೀಯ ಗ್ರಂಥಸೂಚಿ ಬಳಸುತ್ತೇವೆ. 1920ರ ದಶಕದಿಂದ ನಡೆದು ಬಂದಿದೆ. ಪತ್ರಿಕೆಯ ಲೇಖನ, ಸಂಕಲನದ ಒಳಗಿನ ಲೇಖನ, ಎರಡನ್ನೂ ಬಿಡಿಬಿಡಿಯಾಗಿ ನಮೂದಿಸುತ್ತಾರೆ. ಯಾವ ಸಾಹಿತ್ಯ, ಯಾವ ಕಾಲ, ಯಾವ ಲೇಖಕ, ಯಾವ ಕೃತಿ ಅಂತ ಗುರುತು ಹಾಕಿರುತ್ತಾರೆ. ಆದರೆ ಎರಡು ವಿಷಯ ತಿಳಿದಿರಲಿ. ಒಂದು, ಪುಸ್ತಕ ಬಂದಾಗ ಬರೆಯುವ ಪರಿಚಯ ವಿಮರ್ಶೆಗಳನ್ನು ಅವರು ಸೇರಿಸುವುದಿಲ್ಲ. ನಿಮಗೆ ಬೇಕಾಗಿರೋದೇ ಅದು, ಅಲ್ವಾ? ಇನ್ನೊಂದು, ಅನಂತಮೂರ್ತಿಯವರ ಕಾದಂಬರಿ 'ಸಂಸ್ಕಾರ' ಅಂತ ಹುಡುಕಿದರೆ ನನಗೆ ಸಿಕ್ಕಿದ್ದು ಹೆಚ್ಚಾಗಿ ರಾಮಾನುಜನ್ ಅವರ 1976ರ ಇಂಗ್ಲಿಷ್ ಅನುವಾದ ಓದಿ ಬರೆದದ್ದು. 1965ರಲ್ಲಿ ಕನ್ನಡದಲ್ಲಿ ಅದನ್ನು ಓದಿದವರು ಮಾಡಿದ ಜಗಳ ಅಲ್ಲಿ ಸಿಗಲಿಲ್ಲ.

ಕಾಗುಣಿತದ ಕಾಟವೂ ಇದೆ. ಇಂಗ್ಲಿಷ್ ಅಕ್ಷರದಲ್ಲಿ 'ಭೂಮಿ'ಗೆ ಒಬ್ಬರು ಯು ಹಾಕುತ್ತಾರೆ, ಇನ್ನೊಬ್ಬರು ಎರಡು ಓ. 'ಗೀತ'ಕ್ಕೆ ಒಬ್ಬರು ಬರೀ ಟಿ, ಮತ್ತೊಬ್ಬರು ಟಿ ಜೊತೆ ಎಚ್. ಎಲ್ಲಾ ರೀತಿಯಲ್ಲೂ ಹಾಕಿ ನೋಡಿ.

ಕಾರ್ಡುಪೆಟ್ಟಿಗೆ:
ಧಾರವಾಡದ ಗೆಳೆಯರೇ, ಸೂಚಿ ಬಿಡಿ ಅಂದದ್ದು ನನಗೆ ಒಪ್ಪಿಗೆಯಿಲ್ಲ. ಅಡಿಟಿಪ್ಪಣಿ ಹಿಡಿದು ಹೋದರೆ ಆ ವಿಮರ್ಶಕ ಯಾರನ್ನು ಓದಿದ್ದನೋ ಅವರೇ ಸಿಗುತ್ತಾರೆ. ಮತ್ತೆ ಮತ್ತೆ ಅದೇ ನಾಲ್ಕು ಹೆಸರು. ಸಣ್ಣ ಊರಿನಲ್ಲಿ ಕೂತು, ಸಣ್ಣ ಪತ್ರಿಕೆಗೆ ಒಂದೇ ಒಂದು ಒಳ್ಳೆ ಲೇಖನ ಬರೆದ ಮೇಷ್ಟ್ರು ಯಾರ ಟಿಪ್ಪಣಿಯಲ್ಲೂ ಇರುವುದಿಲ್ಲ. ಸೂಚಿ ಮಾಡುವವನಿಗೆ ದೊಡ್ಡವರು ಚಿಕ್ಕವರು ಇಲ್ಲ. ಸಂಚಿಕೆ ತೆರೆದರೆ ಇದ್ದದ್ದನ್ನೆಲ್ಲ ಬರೆಯುತ್ತಾನೆ.

ಧಾರವಾಡದ_ಓದುಗ:
ಆ ಮೇಷ್ಟ್ರ ಮಾತು ಒಪ್ಪಿದೆ ಸರ್. ಆದರೆ ಯಾವುದೇ ಸೂಚಿಯಾದರೂ ಮೊದಲು ಅದರ ಪ್ರಸ್ತಾವನೆ ಓದಬೇಕು. ಸಾಹಿತ್ಯ ಅಕಾಡೆಮಿಯ ರಾಷ್ಟ್ರೀಯ ಗ್ರಂಥಸೂಚಿಯ ಎರಡನೇ ಸಂಪುಟದಲ್ಲಿ ಕನ್ನಡ ಇದೆ. ಆದರೆ ಅದು 1901ರಿಂದ 1953ರವರೆಗಿನ ಪುಸ್ತಕಗಳಿಗೆ ಮಾತ್ರ. ಅದರಲ್ಲಿ 'ಭೂಮಿಗೀತ' ಹುಡುಕಿ, ಇಲ್ಲ ಅಂತ ಬೇಜಾರಾದರೆ ತಪ್ಪು ಸೂಚಿಯದ್ದಲ್ಲ.

ಶಿರಸಿ_ಮಳೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಲ್ಕು ದಿನ ಕೂತು ನೋಡಿದೆ. ವಿಷಯದ ಕಾಲಂನಲ್ಲಿ ಹಾಕಿದಾಗ ಏಳು ಪುಸ್ತಕ ಬಂದವು. ಎರಡರ ಕೊನೆಯಲ್ಲಿ ಲೇಖನಗಳ ಪಟ್ಟಿಯೇ ಇತ್ತು!

ಇನ್ನೊಂದು ಆಯ್ತು. 'ನಡೆದು ಬಂದ ದಾರಿ' ಅಂತ ಹುಡುಕಿದೆ, ಅದು ಅಡಿಗರ 1952ರ ಸಂಕಲನ. ಅದರ ಜೊತೆಗೆ ಅದೇ ಹೆಸರಿನ, ಮನೋಹರ ಗ್ರಂಥಮಾಲೆಯ ದಪ್ಪ ಸಂಪುಟಗಳೂ ಬಂದವು. ಬೇರೆ ಪುಸ್ತಕ ಅಂತ ಮುಚ್ಚೋಕೆ ಹೋಗಿದ್ದೆ. ಸುಮ್ನೆ ತೆರೆದರೆ ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರ 'ಯುಗಧರ್ಮ ಹಾಗೂ ಸಾಹಿತ್ಯ ದರ್ಶನ' ಅದರೊಳಗೇ ಇದೆ.

ಪತ್ರಿಕೆಗಳದ್ದೇ ಕಷ್ಟ. ಬೈಂಡ್ ಮಾಡುವಾಗ ಕೆಲವು ಸಂಚಿಕೆಗಳ ರಕ್ಷಾಪುಟ, ಪರಿವಿಡಿ ಎರಡನ್ನೂ ಕಿತ್ತಿದ್ದಾರೆ. ಪುಟ ಪುಟ ತಿರುವಬೇಕು.

ಧಾರವಾಡದ_ಓದುಗ:
ತಿರುವಿ. 'ಪ್ರಬುದ್ಧ ಕರ್ಣಾಟಕ', ಕನ್ನಡ ಸಾಹಿತ್ಯ ಪರಿಷತ್ ಪತ್ರಿಕೆ ಎರಡೂ ಬಿಡಬೇಡಿ. 1964ರ ಮೇಲಾದರೆ 'ಸಂಕ್ರಮಣ'. ಅದರ ಹಳೇ ಸಂಚಿಕೆ ಕೆಲವು ನನ್ನ ಹತ್ತಿರ ಇವೆ, ಈ ವಾರ ಕೂತು ಪರಿವಿಡಿ ಬರೆದು ಹಾಕುತ್ತೇನೆ.

ಕಾರ್ಡುಪೆಟ್ಟಿಗೆ:
ನೋಡಿದಿರಾ, ಈಗ ನೀವೂ ಸೂಚಿ ಮಾಡೋಕೆ ಕೂತಿರಿ! ತುಂಬಾ ಖುಷಿಯಾಯ್ತು. ಇಬ್ಬರೂ ಒಂದೇ ರೀತಿ ಬರೆಯಿರಿ: ಲೇಖಕರು, ಲೇಖನ, ಪತ್ರಿಕೆ, ಸಂಪುಟ, ಸಂಚಿಕೆ, ತಿಂಗಳು, ವರ್ಷ, ಪುಟ. ಯಾವ ಕೃತಿಯ ಬಗ್ಗೆ ಅನ್ನೋದಕ್ಕೆ ಬೇರೆ ಕಾಲಂ ಇರಲಿ. ಪರಿವಿಡಿ ಇಲ್ಲದ ಸಂಚಿಕೆಗೆ 'ಪುಟ ತಿರುವಿ ನೋಡಿದ್ದು' ಅಂತ ಗುರುತು ಹಾಕಿ. ಮುಂದೆ ಬರುವವರು ಅದನ್ನು ಮತ್ತೆ ತಿರುವಬೇಕಾಗಿಲ್ಲ.

ಶಿರಸಿ_ಮಳೆ:
ಹಾಗೇ ಮಾಡುತ್ತೇನೆ ಸರ್. ನಾಳೆ 1959ರ ಸಂಪುಟದಿಂದ ಶುರು. ಪಟ್ಟಿ ಇಲ್ಲೇ ಹಾಕುತ್ತಾ ಹೋಗುತ್ತೇನೆ.