ಸಹಾಯ ಬೇಕು: ಬೈಕಿಗೆ ಬೀಗ ಮತ್ತು ನಿತ್ಯದ ಓಡಾಟಕ್ಕೆ ಜಾಕೆಟ್

ಕೆಂಗೇರಿಯಿಂದ ಪೀಣ್ಯಕ್ಕೆ ನಾಗರಬಾವಿ, ಸುಮನಹಳ್ಳಿ ಮಾರ್ಗವಾಗಿ ದಿನವೂ ಬೈಕಿನಲ್ಲಿ ಓಡಾಡುವ ನನಗೆ ಅನುಭವಿಗಳ ಸಲಹೆ ಬೇಕಾಗಿದೆ. ರಾತ್ರಿ ಬೈಕನ್ನು ಗೇಟಿನ ಹೊರಗೆ ರಸ್ತೆಬದಿಯಲ್ಲೇ ನಿಲ್ಲಿಸಬೇಕಾಗಿದ್ದು, ಬಲವಾಗಿ ಒದ್ದರೆ ಮುರಿದುಹೋಗಬಹುದಾದ ಹ್ಯಾಂಡಲ್ ಲಾಕ್ ಒಂದನ್ನೇ ನಂಬಲು ಮನಸ್ಸು ಒಪ್ಪುತ್ತಿಲ್ಲ. ಬ್ರೇಕಿನ ಡಿಸ್ಕಿಗೆ ಹಾಕುವ ಡಿಸ್ಕ್ ಲಾಕ್ ಚಕ್ರ ಉರುಳದಂತೆ ತಡೆಯುತ್ತದೆ, ನಿಜ. ಆದರೆ ಇಬ್ಬರು ಮೂವರು ಸೇರಿ ಬೈಕನ್ನೇ ಎತ್ತಿ ಗೂಡ್ಸ್ ಆಟೋಗೆ ಹಾಕಿಕೊಂಡು ಹೋದರೆ ಅದರಿಂದ ಪ್ರಯೋಜನವಿಲ್ಲ. ಹಾಗಾಗಿ ಹಿಂದಿನ ಚಕ್ರವನ್ನು ಕಂಬಕ್ಕೆ ಬಿಗಿಯುವ ದಪ್ಪ ಸರಪಳಿಯೇ ಮೇಲೆಂಬುದು ನನ್ನ ಅನಿಸಿಕೆ. ಬಳಸುತ್ತಿರುವವರು ಅದು ಎಷ್ಟು ಮಿಲಿಮೀಟರ್ ದಪ್ಪದ್ದು, ಮಳೆಗೆ ಬೀಗದ ಒಳಗೆ ತುಕ್ಕು ಹಿಡಿಯಿತೇ ಎಂಬುದನ್ನು ದಯವಿಟ್ಟು ತಿಳಿಸಿ.

ಐಎಸ್‌ಐ ಗುರುತಿನ, ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಈಗಾಗಲೇ ಇದೆ. ಭುಜ, ಮೊಣಕೈಗಳಿಗೆ ಸಿಇ ಲೆವೆಲ್ 2 (ಪೆಟ್ಟು ತಡೆಯುವ ಯುರೋಪಿನ ಮಾನದಂಡದ ಮೇಲಿನ ಹಂತ) ಪ್ಯಾಡ್ ಇರುವ, ಗಾಳಿಯಾಡುವ ಜಾಲರಿ ಬಟ್ಟೆಯ ಮೆಶ್ ಜಾಕೆಟ್ ಏಪ್ರಿಲ್ ಬಿಸಿಲಿನ ಟ್ರಾಫಿಕ್‌ನಲ್ಲಿ ಸಹ್ಯವಾಗುವುದೇ, ಅದರ ಮೇಲೆಯೇ ರೈನ್‌ಕೋಟ್ ತೊಡಲು ಬರುವುದೇ?