ಲೇಡಿ ಮ್ಯಾಕ್‌ಬೆತ್‌ಳ ಕೈಯ ಕಲೆ ಏಕೆ ಹೋಗಲಿಲ್ಲ?

ಪ್ರಶ್ನೆ: ವಿದ್ಯಾರ್ಥಿನಿ, ಮಡಿಕೇರಿ

ಈ ಮಳೆಗಾಲದಲ್ಲಿ ಶೇಕ್ಸ್‌ಪಿಯರ್‌ನ 'ಮ್ಯಾಕ್‌ಬೆತ್' ನಾಟಕವನ್ನು ಎರಡನೆಯ ಬಾರಿ ಓದುತ್ತಿದ್ದೇನೆ. ದೊರೆ ಡಂಕನ್‌ನನ್ನು ಕೊಂದು ಬಂದ ಮ್ಯಾಕ್‌ಬೆತ್, ಕಡಲಿನ ನೀರೆಲ್ಲ ಸೇರಿದರೂ ತನ್ನ ಕೈಯ ರಕ್ತ ಹೋಗದೆಂದು ನಡುಗುವಾಗ, ಸ್ವಲ್ಪ ನೀರಿನಲ್ಲಿ ತೊಳೆದರೆ ಸಾಕು ಎಂದವಳು ಅವನ ಹೆಂಡತಿ. ಐದನೆಯ ಅಂಕದ ಮೊದಲ ದೃಶ್ಯದಲ್ಲಿ ಅವಳೇ ನಿದ್ದೆಯಲ್ಲಿ ಎದ್ದು ನಡೆಯುತ್ತ, ಇಲ್ಲದ ಕಲೆಯನ್ನು ಉಜ್ಜುತ್ತಾಳೆ. ನಡುವೆ, ಔತಣದ ದೃಶ್ಯದ ನಂತರ, ಅವಳು ರಂಗದ ಮೇಲೆ ಬರುವುದೇ ಇಲ್ಲ. ಅಳುಕಿದವನು ಕಲ್ಲಾಗಿ, ಕಲ್ಲಿನಂತಿದ್ದವಳು ಒಡೆದದ್ದಕ್ಕೆ ನಾಟಕದೊಳಗೆ ಆಧಾರವಿದೆಯೇ?

ಉತ್ತರ: ನಿವೃತ್ತ ಉಪನ್ಯಾಸಕ, ವಿರಾಜಪೇಟೆ

ಇದೆ ಮಗಳೇ, ಆದರೆ ಅದು ಚಿಕ್ಕ ಚಿಕ್ಕ ಮಾತುಗಳಲ್ಲಿ ಹುದುಗಿದೆ. ಮಲಗಿದ್ದ ಡಂಕನ್ ತನ್ನ ತಂದೆಯಂತೆ ಕಾಣದಿದ್ದರೆ ತಾನೇ ಕೊಲ್ಲುತ್ತಿದ್ದೆ ಎಂದು ಅವಳು ಹೇಳುವ ಮಾತನ್ನು ಮತ್ತೊಮ್ಮೆ ಓದಿ. ಬಿರುಕು ಆ ರಾತ್ರಿಯೇ ಬಿದ್ದಿದೆ. ಮೂರನೆಯ ಅಂಕದ ಎರಡನೆಯ ದೃಶ್ಯದಲ್ಲಿ ಒಬ್ಬಳೇ ಇರುವಾಗ, ಎಲ್ಲವನ್ನೂ ವ್ಯಯಿಸಿಯೂ ಏನನ್ನೂ ಪಡೆಯಲಿಲ್ಲವೆಂದು ನೊಂದುಕೊಳ್ಳುವ ಅವಳು, ಗಂಡ ಬಂದೊಡನೆ ಅದನ್ನು ಮುಚ್ಚಿಟ್ಟು, ಆದದ್ದು ಆಯಿತೆಂದು ಅವನಿಗೇ ಸಮಾಧಾನ ಹೇಳುತ್ತಾಳೆ. ಅವನಾದರೋ ತನ್ನ ಜೊತೆಗಾರ ಸೇನಾಪತಿ ಬ್ಯಾಂಕೋನ ಕೊಲೆಯ ಸಂಚನ್ನು ಅವಳಿಂದ ಮರೆಮಾಡುತ್ತಾನೆ. ಔತಣದಲ್ಲಿ ಬ್ಯಾಂಕೋನ ಪ್ರೇತವನ್ನು ಕಂಡು ಅವನು ಎಲ್ಲರೆದುರು ಕೂಗಾಡುತ್ತಾನೆ. ಅತಿಥಿಗಳಿಗೆ ನೆಪ ಹೇಳಿ ಕಳುಹಿಸುವ ಕೆಲಸ ಅವಳದು. ಅವನ ಪಾಪಪ್ರಜ್ಞೆ ಮಾತಾಗಿ ಹೊರಬಂದಿತು, ಅವಳದಕ್ಕೆ ದಾರಿಯೇ ಇರಲಿಲ್ಲ ಎಂಬುದು ನನ್ನ ಓದು.

ಇನ್ನೊಂದು ಸಂಗತಿ: ನಿದ್ದೆಯಲ್ಲಿ ಅವಳಾಡುವುದು ಪದ್ಯವಲ್ಲ, ಗದ್ಯ. ಗಂಟೆಯ ಎರಡು ಬಡಿತ, ಮುದುಕನ ದೇಹದಲ್ಲಿದ್ದ ಅಷ್ಟೊಂದು ರಕ್ತ, ಮ್ಯಾಕ್‌ಬೆತ್ ಕೊಲ್ಲಿಸಿದ, ಅವನ ಎದುರಾಳಿ ಮ್ಯಾಕ್‌ಡಫ್‌ನ ಹೆಂಡತಿ, ಹೂತುಹೋದ ಬ್ಯಾಂಕೋ, ಬಾಗಿಲು ಬಡಿಯುವ ಸದ್ದು, ಹೀಗೆ ಬೇರೆ ಬೇರೆ ದಿನಗಳು ಒಂದೇ ರಾತ್ರಿಯಾಗಿ ಕಲಸಿಹೋಗಿವೆ. ಮ್ಯಾಕ್‌ಡಫ್‌ನ ಹೆಂಡತಿಯ ಕೊಲೆಯಲ್ಲಿ ಅವಳ ಕೈ ಇದ್ದಂತೆ ನಾಟಕ ಎಲ್ಲಿಯೂ ತೋರಿಸುವುದಿಲ್ಲ. ಆ ರಕ್ತವನ್ನೂ ಅವಳು ತನ್ನ ಕೈಯಿಂದಲೇ ತೊಳೆಯುತ್ತಿದ್ದಾಳೆ.

ಉತ್ತರ: ಮನೋರೋಗ ವಿಭಾಗದ ಶುಶ್ರೂಷಕಿ, ಸೋಮವಾರಪೇಟೆ

ಸರ್ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಒಂದು ಎಚ್ಚರಿಕೆ ಅಗತ್ಯ. ಪದೇ ಪದೇ ಕೈ ತೊಳೆಯುವ ಗೀಳಿನಿಂದ ಬಳಲುವವರನ್ನು ಈ ಪಾತ್ರಕ್ಕೆ ಹೋಲಿಸುವುದನ್ನು ನಾನು ಕೇಳಿದ್ದೇನೆ, ಅದು ನನಗೆ ನೋವುಂಟುಮಾಡುತ್ತದೆ. ಅವರು ಯಾವ ತಪ್ಪನ್ನೂ ಮಾಡಿರಬೇಕಾಗಿಲ್ಲ. ಲೇಡಿ ಮ್ಯಾಕ್‌ಬೆತ್‌ಳ ಹಿಂದೆ ನಿಜವಾದ ಕೊಲೆಯಿದೆ. ತಪ್ಪು ನೆನಪಾದಾಗ ಮೈ ತೊಳೆದುಕೊಳ್ಳಬೇಕೆನಿಸುತ್ತದೆ ಎಂಬ 2006ರ ಸಂಶೋಧನೆಗೆ 'ಮ್ಯಾಕ್‌ಬೆತ್ ಪರಿಣಾಮ' ಎಂಬ ಹೆಸರು ಬಂದಿತಾದರೂ, ಮುಂದೆ ಆ ಪ್ರಯೋಗಗಳನ್ನು ಮತ್ತೆ ಮಾಡಿದ ಕೆಲವರಿಗೆ ಅದೇ ಫಲಿತಾಂಶ ಸಿಗಲಿಲ್ಲ. ನನ್ನನ್ನು ಕಾಡುವುದು ಅವಳ ದೀಪ. ಕತ್ತಲನ್ನು ಕರೆದು ಕೃತ್ಯವನ್ನು ಮರೆಮಾಡೆಂದು ಬೇಡಿದ್ದವಳು, ಕೊನೆಗೆ ಸದಾ ಹತ್ತಿರದಲ್ಲಿ ಬೆಳಕಿರಬೇಕೆಂದು ಆಜ್ಞೆ ಮಾಡಿದ್ದಾಳೆ.

ಉತ್ತರ: ಓದುಗ, ಮಡಿಕೇರಿ

ನಮ್ಮೂರಿನ ಓಂಕಾರೇಶ್ವರ ದೇವಾಲಯದ ಐತಿಹ್ಯವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಕೊಡಗಿನ ದೊರೆ ಲಿಂಗರಾಜೇಂದ್ರ ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದನೆಂದೂ, ಆತ ಬ್ರಹ್ಮರಾಕ್ಷಸನಾಗಿ ಕಾಡತೊಡಗಿದಾಗ ಬಲ್ಲವರ ಸಲಹೆಯಂತೆ ದೊರೆ ಕಾಶಿಯಿಂದ ಲಿಂಗ ತರಿಸಿ 1820ರಲ್ಲಿ ಈ ಗುಡಿಯನ್ನು ಕಟ್ಟಿಸಿದನೆಂದೂ ಹೇಳುತ್ತಾರೆ. ಕೊಂದವನ ನೆಮ್ಮದಿ ಕೆಡುವುದು ಎರಡು ಕಥೆಗಳಲ್ಲೂ ಒಂದೇ. ಆದರೆ ದೊರೆಗೆ ತನ್ನ ಕಾಟವನ್ನು ಇನ್ನೊಬ್ಬರ ಮುಂದೆ ಹೇಳಿಕೊಳ್ಳಲು ಸಾಧ್ಯವಾಯಿತು, ಪ್ರಾಯಶ್ಚಿತ್ತಕ್ಕೆ ಎಲ್ಲರಿಗೂ ಕಾಣುವ ಒಂದು ರೂಪವೂ ಸಿಕ್ಕಿತು. ನಾಟಕದಲ್ಲಾದರೋ ಲೇಡಿ ಮ್ಯಾಕ್‌ಬೆತ್‌ಳ ನಿದ್ದೆನಡಿಗೆಯನ್ನು ಕಂಡ ವೈದ್ಯನು, ಇವಳಿಗೆ ಬೇಕಾದವನು ವೈದ್ಯನಲ್ಲ, ದೇವರ ಸೇವಕ ಎನ್ನುತ್ತಾನೆ; ಅಂಥ ಒಬ್ಬನೂ ಅವಳ ಬಳಿಗೆ ಬರುವುದಿಲ್ಲ.

ಮರುನುಡಿ: ವಿದ್ಯಾರ್ಥಿನಿ, ಮಡಿಕೇರಿ

ಎಲ್ಲರಿಗೂ ವಂದನೆಗಳು. ನಿಮ್ಮ ಮಾತುಗಳನ್ನು ಓದಿ ಆ ದೃಶ್ಯಕ್ಕೆ ಮರಳಿದಾಗ, ಈವರೆಗೆ ಗಮನಿಸದಿದ್ದ ಸಖಿ ಕಣ್ಣಿಗೆ ಬಿದ್ದಳು. ಒಡತಿ ನಿದ್ದೆಯಲ್ಲಿ ಆಡಿದ್ದನ್ನು ವೈದ್ಯ ಕೇಳಿದರೆ, ತನ್ನ ಮಾತಿಗೆ ಸಾಕ್ಷಿಯಿಲ್ಲವೆಂದು ಅವಳು ಬಾಯಿ ಬಿಡುವುದಿಲ್ಲ. ಎಲ್ಲವನ್ನೂ ಕಿವಿಯಾರೆ ಕೇಳಿದ ಮೇಲೆ ವೈದ್ಯನೂ, ಮನಸ್ಸಿನಲ್ಲಿದೆ, ಆಡಲು ಧೈರ್ಯವಿಲ್ಲ ಎಂದು ಹೊರಟುಹೋಗುತ್ತಾನೆ.