ಸಹಾಯ ಬೇಕು: ಪೆನ್ನಲ್ಲಿ ನೋಟ್ಸ್ ಬರೆಯಲು ಯಾವ ಲ್ಯಾಪ್‌ಟಾಪ್?

ಎಲ್ಲರಿಗೂ ನಮಸ್ಕಾರ. ಮಾನಸಗಂಗೋತ್ರಿಯಲ್ಲಿ ಎಂಎಸ್ಸಿ ಗಣಿತ ಓದುತ್ತಿದ್ದೇನೆ. ಮೇಷ್ಟ್ರು ಬೋರ್ಡ್ ತುಂಬಿಸುವ ವೇಗಕ್ಕೆ ಇಂಟಿಗ್ರಲ್‌ಗಳನ್ನು ಟೈಪ್ ಮಾಡುವುದು ಆಗದ ಮಾತು. ಬಜೆಟ್ 65,000 ರೂಪಾಯಿ. ಅದಕ್ಕಿಂತ ಜಾಸ್ತಿ ಮನೇಲಿ ಕೇಳುವಂತಿಲ್ಲ.

ದೇವರಾಜ ಅರಸು ರಸ್ತೆಯ ಅಂಗಡಿಗಳಲ್ಲಿ ನೋಡಿದೆ. ಪರದೆ ಹಿಂದಕ್ಕೆ ಮಡಚುವ 14 ಇಂಚಿನದು ಕೈಯಲ್ಲಿ ಹಿಡಿದು ಬರೆಯಲು ಭಾರ. ಕೀಬೋರ್ಡ್ ಕಳಚಿ ಬರುವುದು ಹಗುರ, ಆದರೆ ತೊಡೆ ಮೇಲೆ ಸರಿಯಾಗಿ ನಿಲ್ಲುವುದಿಲ್ಲ. ಒಂದರಲ್ಲಿ ನಿಧಾನವಾಗಿ ಓರೆ ಗೆರೆ ಎಳೆದರೆ ಅಲೆಅಲೆಯಾಗಿ ಬಂತು. ಅಂಗಡಿಯವರು ‘ಅಭ್ಯಾಸ ಆಗುತ್ತೆ ಬಿಡಿ’ ಅಂದರು!

ನನ್ನ ಗೊಂದಲ ಪೆನ್ನಿನದು. ಕೆಲವಕ್ಕೆ ಬಾಕ್ಸಲ್ಲಿ ಪೆನ್ ಬರುವುದಿಲ್ಲ. ಬೇರೆ ಕೊಳ್ಳೋಣ ಅಂದರೆ ಎಂಪಿಪಿ, ಎಇಎಸ್, ಯುಎಸ್ಐ ಅಂತ ಪೆನ್ನು ಪರದೆ ಜೊತೆ ಕೆಲಸ ಮಾಡುವ ತಂತ್ರಜ್ಞಾನದ ಬಗೆಗಳು. ಎಲ್ಲ ಪೆನ್ನೂ ಎಲ್ಲ ಪರದೆಗೂ ಹೊಂದುವುದಿಲ್ಲ.

ದಿನಾ ಕ್ಲಾಸಲ್ಲಿ ಹೀಗೆ ಬರೆಯುವವರು ಯಾರಾದರೂ ಇದ್ದೀರಾ? ಈ ಬಜೆಟ್ಟಿಗೆ ಗೆರೆ ನಡುಗದ ಮಾಡೆಲ್ ಯಾವುದು, ಅದಕ್ಕೆ ಯಾವ ಪೆನ್?